ಹಾರಿದಪ್ಪನ ಅಕ್ಕ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ದೀಪ ಹಿಡಿಯುವವರಿಂದ ನಿರ್ಮಾಪಕರವರೆಗೆ ಎಲ್ಲರಿಗೂ ಅವಳು ಅಕ್ಕ. ಯಾರ ಅಕ್ಕ ಎಂದು ಮಾತ್ರ ಹನ್ನೊಂದು ವರ್ಷ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳು; ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಅವಳ ಕೆಲಸ ಮಾತು ಹೇಳಿಕೊಡುವುದು. ಕ್ಯಾಮೆರಾದ ಪಕ್ಕದಲ್ಲಿ ಒಂದು ಮುಕ್ಕಾಲಿಯ ಮೇಲೆ ಕುಳಿತು, ನಾಯಕ ಆಡಬೇಕಾದ ಮಾತನ್ನು ಎರಡೋ ಮೂರೋ ಪದಗಳ ತುಂಡು ಮಾಡಿ ಮೊದಲು ತಾನು ಹೇಳುವುದು. ಅವನು ಅದನ್ನು ಗರ್ಜಿಸಿಯೋ ಅತ್ತೋ ತಿರುಗಿ ಹೇಳುವುದು. ಅಲ್ಲಿನ ಸದ್ದು ಸಿನಿಮಾಕ್ಕೆ ಬೇಕಿರಲಿಲ್ಲ. ಆಮೇಲೆ ದನಿ ಸೇರಿಸುವ ಕೋಣೆಯಲ್ಲಿ ಮತ್ತೆ ಅವಳು ಅವನ ಕಿವಿಗೆ ಹೇಳಬೇಕು, ಅವನು ಮೈಕಿಗೆ ಹೇಳಬೇಕು. ಹೀಗಾಗಿ ಅವನ ಒಂದೊಂದು ಸಿನಿಮಾವನ್ನೂ ಅವಳು ಎರಡೆರಡು ಸಲ ಆಡಿದ್ದಳು. ಪರದೆಯ ಮೇಲೆ ಅವಳ ಉಸಿರು ಕೂಡ ಇರಲಿಲ್ಲ.

ಈ ವಿದ್ಯೆಯನ್ನು ಅವಳು ಕಲಿತದ್ದು ನಾಟಕದ ಕಂಪನಿಯಲ್ಲಿ. ಹದಿನೇಳು ವರ್ಷ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತವಳು. ರಾಜನಾಗಲಿ ಸೇವಕನಾಗಲಿ, ಮಾತು ಮರೆತವನು ಮೊದಲು ನೋಡುವುದು ಆ ಪರದೆಯ ಕಡೆಗೆ. ಹೇಳಿಕೊಡುವವರು ಮಾತಿಗೆ ಭಾವ ಹಾಕಬಾರದು ಎಂಬುದು ಅಲ್ಲಿ ಮೊದಲ ಪಾಠ. ಅಳುವ ಮಾತನ್ನು ಅಳುತ್ತ ಹೇಳಿಕೊಟ್ಟರೆ ನಟ ಹೇಳಿಕೊಟ್ಟವರ ಅಳುವನ್ನು ಅಳುತ್ತಾನೆ. ಆದ್ದರಿಂದ ಉಪ್ಪು ಖಾರ ಸೋಕಿಸದೆ, ಸಾಮಾನಿನ ಪಟ್ಟಿ ಓದಿದ ಹಾಗೆ ಓದಬೇಕು. ಅವಳ ಹಾಗೆ ಸಪ್ಪಗೆ ಓದುವವರು ಇನ್ನೊಬ್ಬರಿರಲಿಲ್ಲ.

ನಾಯಕನ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅಭಿಮಾನಿಗಳು ಅವನನ್ನು ಸಿಡಿಲಣ್ಣ ಎನ್ನುತ್ತಿದ್ದರು. ಅವನಿಗೆ ಒಳ್ಳೆಯ ಕಣ್ಣುಗಳಿದ್ದವು, ನಡಿಗೆಯಿತ್ತು, ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದು ಬೆನ್ನಿಗೇ ತಿಳಿಯುತ್ತಿತ್ತು. ಎರಡು ಸಾಲು ಬಾಯಿಪಾಠ ಮಾತ್ರ ಹತ್ತುತ್ತಿರಲಿಲ್ಲ. ಅಕ್ಕನ ಮುಂದಿನ ತುಂಡಿಗಾಗಿ ಅವನು ಕಾಯುತ್ತಿದ್ದ ಹೊತ್ತಿಗೆ ಜನ ‘ಸಿಡಿಲಣ್ಣನ ಮೌನ’ ಎಂದು ಹೆಸರಿಟ್ಟಿದ್ದರು. ಕ್ಷೌರದಂಗಡಿಗಳಲ್ಲಿ, ಬಸ್ಸುಗಳಲ್ಲಿ ಹುಡುಗರು ಅದನ್ನು ಅನುಕರಿಸಿ ಮಾತಾಡುತ್ತಿದ್ದರು. ಒಬ್ಬ ವಿಮರ್ಶಕರಂತೂ ಆ ಮೌನದ ಆಳವನ್ನು ಕುರಿತು ಎರಡು ಕಂತು ಬರೆದರು. ಅಕ್ಕ ಅದನ್ನು ಮನೆಯಲ್ಲಿ ತನ್ನ ತಮ್ಮನಿಗೆ ಓದಿ ಹೇಳಿದಳು.

“ಆ ಆಳದಲ್ಲಿ ಯಾರಿದ್ರು?” ಎಂದ ತಮ್ಮ.

“ನಾನೇ. ಗಂಟಲು ಕೆಟ್ಟು ಕೂತಿದ್ದೆ.”

ಮನೆಯಲ್ಲಿ ಅವರಿಬ್ಬರೂ ನಾಯಕನನ್ನು ಗಿಣಿ ಎನ್ನುತ್ತಿದ್ದರು.

ಇಷ್ಟಕ್ಕೂ ಅವಳು ನಾಯಕನ ಬಳಿ ಕೆಲಸಕ್ಕೆ ಸೇರಿದ್ದು ತಮ್ಮನಿಗಾಗಿ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಇಪ್ಪತ್ತು. ಮದುವೆಯ ಮಾತು ಬಂದಾಗಲೆಲ್ಲ “ಇವನೊಬ್ಬ ದಡ ಸೇರಲಿ” ಎಂದು ಮುಂದೂಡಿ, ಕೊನೆಗೆ ಮಾತು ಬರುವುದೇ ನಿಂತಿತು. ಅವನು ದಡ ಸೇರುವ ಜಾತಿಯವನಾಗಿರಲಿಲ್ಲ. ಮರ, ಗೋಡೆ, ನೀರಿನ ಟ್ಯಾಂಕು, ಹತ್ತುವುದು ಸಿಕ್ಕರೆ ಹತ್ತುವುದು, ಹತ್ತಿದಲ್ಲಿಂದ ಹಾರುವುದು. ಇಪ್ಪತ್ತೆರಡರಲ್ಲಿ ಸಿಡಿಲಣ್ಣನ ಡೂಪ್ ಆದ. ಹಿಂದಿನಿಂದ ನೋಡಿದರೆ ಇಬ್ಬರೂ ಒಂದೇ.

ಎರಡು ವರ್ಷದ ಮೇಲೆ ಆ ಹಾರಾಟ. ಮುಚ್ಚಿಹೋದ ಮಿಲ್ಲಿನ ತಾರಸಿಯಿಂದ ಪಕ್ಕದ ಗೋದಾಮಿನ ತಾರಸಿಗೆ, ನಡುವೆ ಹದಿನೆಂಟು ಅಡಿ ಖಾಲಿ. ತಪ್ಪಿ ಬಿದ್ದರೆ ಹಿಡಿಯಲೆಂದು ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಜೋಡಿಸಿ, ಮೇಲೆ ಹಾಸಿಗೆ ಹಾಕಿದ್ದರು. ಮೊದಲ ಸಲ ಅವನು ಹೂ ಎತ್ತಿಟ್ಟ ಹಾಗೆ ಆಚೆ ಇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸದವರು ಪೆಟ್ಟಿಗೆಗಳನ್ನು ಮಡಚಿ ಲಾರಿಗೆ ತುಂಬತೊಡಗಿದರು. ಆಗ ನಾಯಕ ಚಿಕ್ಕ ಪರದೆಯಲ್ಲಿ ಹಾರಾಟವನ್ನು ನೋಡಿ ಮುಖ ಸಿಂಡರಿಸಿದ.

“ಕತ್ತು ನೋಡ್ರಿ. ನನ್ನ ಕತ್ತು ಹೀಗಿದೆಯಾ? ಒಳ್ಳೆ ಕೊಕ್ಕರೆ ಕತ್ತು. ಕಾಲರ್ ಎತ್ತಿಸಿ ಇನ್ನೊಂದು ಟೇಕ್ ಮಾಡಿ.”

ಬಿಸಿಲು ಇಳಿಯುತ್ತಿತ್ತು. ಪೆಟ್ಟಿಗೆ ಮತ್ತೆ ಜೋಡಿಸಲು ಹೊತ್ತಿರಲಿಲ್ಲ. ಒಂದು ಸಲ ಹಾರಿದವನು ಇನ್ನೊಂದು ಸಲ ಹಾರಲಾರನೇ ಎಂದರು. ಎತ್ತಿದ ಕಾಲರ್ ಗಾಳಿಗೆ ಬಡಿದು ಅವನ ಕಣ್ಣಿಗೆ ಅಡ್ಡ ಬಂತು.

ಸೊಂಟದ ಮೂಳೆ ಮೂರು ಕಡೆ ಒಡೆಯಿತು. ಬಲಗಾಲು ಎರಡಂಗುಲ ಗಿಡ್ಡವಾಯಿತು. ಸಿನಿಮಾದಲ್ಲಿ ಬಳಸಿದ್ದು ಮೊದಲ ಸಲದ ಹಾರಾಟವನ್ನೇ, ಅದೇ ಕೊಕ್ಕರೆ ಕತ್ತಿನದು. ಅವನು ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದಾಗ ಪತ್ರಿಕೆಯಲ್ಲಿ ನಾಯಕನ ಸಂದರ್ಶನ ಬಂತು: ‘ಡೂಪ್ ಇಟ್ಟುಕೊಳ್ಳುವುದು ಅಭಿಮಾನಿಗಳಿಗೆ ಮಾಡುವ ಮೋಸ. ಆ ತಾರಸಿಯಿಂದ ಹಾರಿದ್ದು ನಾನೇ.’

ತಮ್ಮ ಕೆಟ್ಟದ್ದು ಮೂಳೆ ಮುರಿದದ್ದರಿಂದಲ್ಲ, ಆ ಸಾಲಿನಿಂದ. ಊರುಗೋಲು ಹಿಡಿದು ಎದ್ದು ಬೀದಿಯ ಮೂಲೆಯಲ್ಲಿ ಚೀಲದ ಜಿಪ್ಪು, ಕೊಡೆ ರಿಪೇರಿ ಮಾಡುವ ಅಂಗಡಿ ಇಟ್ಟ. ಒಂದು ದಿನ ಎದುರಿನ ಚಹಾದಂಗಡಿಯಲ್ಲಿ ಆ ಸಿನಿಮಾದ ಮಾತು ಬಂದಾಗ, “ಅದು ನಾನು” ಎಂದುಬಿಟ್ಟ. ಜನ ಅವನ ಕಾಲು ನೋಡಿದರು, ಊರುಗೋಲು ನೋಡಿದರು, ನಕ್ಕರು. ಅಂದಿನಿಂದ ಬೀದಿಗೆಲ್ಲ ಅವನು ಹಾರಿದಪ್ಪ. “ಹಾರಿದಪ್ಪಾ, ಈ ಚರಂಡಿ ಹಾರ್ತೀಯಾ?” “ಹಾರಿದಪ್ಪಾ, ಚೀಲ ಹೊಲಿದಾಯ್ತಾ, ಇಲ್ಲ ಆಕಾಶದಲ್ಲಿದ್ದೀಯಾ?” ಅವನು ತಲೆ ತಗ್ಗಿಸಿ ಸೂಜಿ ಚುಚ್ಚುತ್ತಿದ್ದ.

ಎರಡು ವರ್ಷದಲ್ಲಿ ನಾಟಕದ ಕಂಪನಿ ಬಾಗಿಲು ಹಾಕಿತು. ಅದೇ ಹೊತ್ತಿಗೆ ನಾಯಕನಿಗೆ ಮಾತು ಹೇಳಿಕೊಡುತ್ತಿದ್ದ ಮುದುಕ ಕಿವಿ ಮಂದವಾಗಿ ಬಿಟ್ಟುಹೋಗಿದ್ದ. ಅಕ್ಕ ಹೋಗಿ ಕೇಳಿದಳು, ಓದಿ ತೋರಿಸಿದಳು, ಕೆಲಸ ಸಿಕ್ಕಿತು.

“ಅವನ ಹತ್ರ ಕೆಲಸಕ್ಕಾ?” ಎಂದು ತಮ್ಮ ಊರುಗೋಲು ಕುಟ್ಟಿದ. “ಬೇರೆ ಅನ್ನ ಸಿಗಲಿಲ್ವಾ ನಿಂಗೆ?”

“ಬಾಯ್ಮುಚ್ಚು. ನಿಂಗೇನು ಬೇಕು, ಅದನ್ನ ಹೇಳು.”

ಅವನು ಊರುಗೋಲನ್ನು ಗೋಡೆಗೆ ಒರಗಿಸಿ ಕುಳಿತ. “ಹಾರಿದ್ದು ನಾನಲ್ಲ ಅಂತ ಅವನೇ ಹೇಳ್ಬೇಕು ಅಕ್ಕ. ಅವನ ಬಾಯಲ್ಲೇ ಬರ್ಬೇಕು. ನಾನು ಹೇಳಿದ್ರೆ ನಗ್ತಾರೆ, ನೀನು ಹೇಳಿದ್ರೆ ಇನ್ನೂ ನಗ್ತಾರೆ.”

“ಸರಿ. ಬಾಯಿ ಅವನದು, ಮಾತು ನಂದು. ತಾಳು.”

ತಾಳುವುದೆಂದರೆ ಇಷ್ಟು ವರ್ಷ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಮೊದಮೊದಲು ನಾಯಕ ಅವಳ ಮಾತನ್ನು ಕೇಳಿಸಿಕೊಳ್ಳುತ್ತಿದ್ದ; ಕಷ್ಟದ ಪದ ಬಂದರೆ “ಹಾಗಂದ್ರೇನು ಅಕ್ಕ?” ಎನ್ನುತ್ತಿದ್ದ. ನಾಲ್ಕನೆಯ ವರ್ಷದ ಹೊತ್ತಿಗೆ ಕೇಳುವುದನ್ನು ಬಿಟ್ಟ. ಕಿವಿಯಿಂದ ಹೊಕ್ಕಿದ್ದು ತಲೆಗೆ ಹೋಗದೆ ನೇರ ಬಾಯಿಗೆ ಬರತೊಡಗಿತು. ಮನುಷ್ಯ ಕೆಟ್ಟವನೆಂದು ಅವಳಿಗೂ ಅನ್ನಿಸಲಿಲ್ಲ. ಕೆಟ್ಟತನ ಮಾಡುವಷ್ಟು ಗಮನವನ್ನು ಅವನು ಯಾರ ಮೇಲೂ ಇಟ್ಟವನಲ್ಲ. ಆ ಹನ್ನೊಂದು ವರ್ಷದಲ್ಲಿ ಅವಳ ಬಗ್ಗೆ ಅವನು ಕೇಳಿದ ಸ್ವಂತ ಪ್ರಶ್ನೆ ಒಂದೇ: “ಅಕ್ಕ, ನೆಗಡಿಯಾ?” ಅದೂ ಅವಳ ದನಿ ಬದಲಾಗಿ ತನಗೆ ತೊಂದರೆಯಾಯಿತೆಂದು.

ಏಳನೆಯ ವರ್ಷ ಅವಳು ಒಂದು ಪರೀಕ್ಷೆ ಮಾಡಿದಳು. ತಾಯಿಯ ಸಮಾಧಿಯ ಮುಂದೆ ಮಗ ಅಳುವ ದೃಶ್ಯದ ತಾಲೀಮು. ಅಕ್ಕ ಎಂದಿನ ಸಪ್ಪೆ ದನಿಯಲ್ಲಿ, “ಅಮ್ಮಾ” ಎಂದಳು.

“ಅಮ್ಮಾ…!” ಎಂದು ನಾಯಕ ಮಂಡಿಯೂರಿದ.

“ಬಚ್ಚಲ ಬಕೆಟ್ಟು.”

“ಬಚ್ಚಲ ಬಕೆಟ್ಟು…!”

“ತೂತಾಗಿದೆ.”

“ತೂತಾಗಿದೆ ಅಮ್ಮಾ…!” ಕಣ್ಣಿಂದ ನಿಜವಾದ ನೀರು ಇಳಿಯಿತು. ನಿರ್ದೇಶಕ ನಕ್ಕು ನಕ್ಕು ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಎಲ್ಲರೂ ನಗುತ್ತಿದ್ದಾರೆಂದು ನಾಯಕನೂ ನಕ್ಕ. ಏಕೆಂದು ಕೇಳಲಿಲ್ಲ.

ಅಂದು ಮನೆಗೆ ಬಂದವಳೇ ಚಪ್ಪಲಿ ಬಿಡುತ್ತ, “ಗಿಣಿ ಪಳಗಿತು” ಎಂದಳು.

ಆದರೆ ಸ್ಟುಡಿಯೋದಲ್ಲಿ ಆಡಿದ್ದನ್ನು ಕತ್ತರಿಸಬಹುದು. ಕತ್ತರಿಸಲಾಗದ ಜಾಗ ಬೇಕಿತ್ತು. ನಾಯಕ ಸಭೆಗಳಲ್ಲಿ ಕೈಮುಗಿದು, “ನೀವೇ ನನ್ನ ದೇವ್ರು” ಎಂದು ಇಳಿದುಬಿಡುತ್ತಿದ್ದ. ಅಷ್ಟಕ್ಕೆ ಅಕ್ಕನ ನೆರವು ಬೇಕಿರಲಿಲ್ಲ. ಇನ್ನೂ ನಾಲ್ಕು ವರ್ಷ ಕಾದಳು.

ನಾಯಕನ ಚಿತ್ರಜೀವನಕ್ಕೆ ಇಪ್ಪತ್ತೈದು ತುಂಬಿದಾಗ ದೊಡ್ಡ ಸಭಾಂಗಣದಲ್ಲಿ ಸಮಾರಂಭ ಇಟ್ಟರು. ಬೆಳಿಗ್ಗೆ ಹನ್ನೊಂದಕ್ಕೆ, ಟೀವಿಯಲ್ಲಿ ನೇರ ಪ್ರಸಾರ. ಹನ್ನೆರಡು ನಿಮಿಷದ ಭಾಷಣವನ್ನು ಒಬ್ಬ ಸಾಹಿತಿಯಿಂದ ಬರೆಸಿದ್ದರು. ನಾಯಕನ ಕಿವಿಯಲ್ಲಿ ಕಾಳಿನಷ್ಟು ಚಿಕ್ಕ ಯಂತ್ರ. ವೇದಿಕೆಯ ಪಕ್ಕದ ಪರದೆಯ ಹಿಂದೆ ಅಕ್ಕ, ಅವಳ ಮುಂದೆ ಮೈಕು. ಕಂಪನಿಯಲ್ಲಿ ಹದಿನೇಳು ವರ್ಷ ನಿಂತ ಜಾಗವೇ ಅದು. ಹಾಳೆಗಳನ್ನು ನಾಯಕ ಮುಟ್ಟಿಯೂ ನೋಡಿರಲಿಲ್ಲ. ಅಕ್ಕ ನೋಡಿದ್ದಳು, ಕೆಂಪು ಪೆನ್ಸಿಲಿನಿಂದ ತುಂಡು ಮಾಡಿದ್ದಳು. ಮೂರನೆಯ ಹಾಳೆಯಲ್ಲಿ ಸಾಹಿತಿ ತಾರಸಿಯ ಹಾರಾಟವನ್ನು ತಾವಾಗಿಯೇ ತಂದಿದ್ದರು. ಅವಳು ಹುಡುಕಿಕೊಂಡು ಹೋಗಬೇಕಾಗಲಿಲ್ಲ.

ಮೊದಲ ಎರಡು ಹಾಳೆ ಬರೆದಂತೆಯೇ ಹೋಯಿತು. ಬಡತನ ಬಂತು, ತಾಯಿ ಬಂದಳು, ಚಪ್ಪಾಳೆ ಬಂತು.

“ಆ ದಿನ ಮಿಲ್ಲಿನ ತಾರಸಿಯಿಂದ,” ಎಂದಳು ಅಕ್ಕ.

ನಾಯಕ ಕೈ ಮೇಲೆತ್ತಿ ಗುಡುಗಿದ. ಸಭೆ ಶಿಳ್ಳೆ ಹಾಕಿತು.

“ಹಾರಿದ್ದು ನಾನಲ್ಲ.”

“ಹಾರಿದ್ದು… ನಾನಲ್ಲ!” ಎದೆ ಬಡಿದುಕೊಂಡು ಹೇಳಿದ. ಶಿಳ್ಳೆ ನಿಂತಿತು. ಮೊದಲ ಸಾಲಿನಲ್ಲಿ ಕುಳಿತ ನಿರ್ಮಾಪಕರು ಸಾಹಿತಿಯ ಮುಖ ನೋಡಿದರು. ಸಾಹಿತಿ ತಮ್ಮ ಬೂಟು ನೋಡಿಕೊಂಡರು.

“ಹಾರಿದವನು ನನ್ನ ಡೂಪ್.”

“ಹಾರಿದವನು… ನನ್ನ ಡೂಪ್!”

“ಮೊದಲ ಸಲ ಸರಿಯಾಗೇ ಹಾರಿದ.”

ಅದೂ ಹೊರಬಂತು.

“ಅವನ ಕತ್ತು ಚೆನ್ನಾಗಿಲ್ಲ ಅಂತ.”

ನಾಯಕನ ಬಾಯಿ ತೆರೆದು ಹಾಗೇ ನಿಂತಿತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಒಂದು ಮಾತು ಕೇಳಿಸಿತು. ಮೆಲ್ಲಗೆ ಪರದೆಯ ಕಡೆ ತಿರುಗಿದ. ಅಕ್ಕ ಕನ್ನಡಕದ ಮೇಲಿನಿಂದ ಅವನನ್ನೇ ನೋಡುತ್ತಿದ್ದಳು. ಸಿಡಿಲಣ್ಣನ ಮೌನ ಬಂತೆಂದು ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯಿತು. ಮೌನ ಮುಗಿಯಲಿಲ್ಲ.

ಅವಳು ಗಡಿಯಾರ ನೋಡಿಕೊಂಡಳು. ಅರ್ಧ ನಿಮಿಷ ಏನೂ ಕೊಡಲಿಲ್ಲ. ಸ್ವಂತದ್ದೊಂದು ಮಾತಿದ್ದರೆ ಅವನು ಆಡಲಿ ಎಂದು ಬಿಟ್ಟಳು. “ತಮಾಷೆ ಮಾಡಿದೆ” ಎಂದರೂ ಸಾಕಿತ್ತು, ಪಾರಾಗುತ್ತಿದ್ದ. ಅವನ ಹಣೆಯ ಬಣ್ಣ ಬೆವರಿಗೆ ಸೀಳಿತು. ತುಟಿ ಎರಡು ಸಲ ಅಲುಗಿ ಬರಿದೇ ಮುಚ್ಚಿಕೊಂಡಿತು. ಆಗ ಅವಳು ಅದೇ ತುಂಡನ್ನು, ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಅವನ ಬಳಿ ಇದ್ದದ್ದು ಅದೊಂದೇ.

“ಅವನ ಕತ್ತು… ಚೆನ್ನಾಗಿಲ್ಲ ಅಂತ…”

“ನಾನು ಮತ್ತೆ ಹಾರಿಸಿದೆ.”

“ನಾನು… ಮತ್ತೆ ಹಾರಿಸಿದೆ.”

“ಅವನು ಬಿದ್ದ.”

ಈ ಸಲ ಗರ್ಜನೆ ಇರಲಿಲ್ಲ. “ಬಿದ್ದ,” ಎಂದ.

ಅಕ್ಕ ಮೈಕು ಆರಿಸಿ, ಉಳಿದ ಹಾಳೆಗಳನ್ನು ಕುರ್ಚಿಯ ಮೇಲಿಟ್ಟು, ಹಿಂಬಾಗಿಲಿನಿಂದ ಹೊರಟು ಬಸ್ಸು ಹಿಡಿದಳು.

ಬೀದಿಗೆ ಕಾಲಿಡುವಾಗ ಚಹಾದಂಗಡಿಯವನ ಟೀವಿ ಇನ್ನೂ ಕೂಗುತ್ತಿತ್ತು. ಅವನೂ ಇನ್ನಿಬ್ಬರೂ ಅಂಗಡಿಯ ಮುಂದೆ ನಿಂತು ಅವಳ ತಮ್ಮನನ್ನು ಸುಮ್ಮನೆ ನೋಡುತ್ತಿದ್ದರು. ಹಾರಿದಪ್ಪ ಎಂದು ಯಾರೂ ಕರೆಯಲಿಲ್ಲ. ಏನೆಂದು ಕರೆಯಬೇಕೆಂದು ಗೊತ್ತಾಗದೆ, “ಚಹಾ ಕಳಿಸ್ಲಾ?” ಎಂದ ಅಂಗಡಿಯವನು.

“ಇಷ್ಟ್ ವರ್ಷ ಕಳಿಸ್ದೆ ಇದ್ದೋನು ಇವತ್ತೂ ಬೇಡ,” ಎಂದ ತಮ್ಮ, ಸೂಜಿಗೆ ದಾರ ಪೋಣಿಸುತ್ತ.

ಮರುದಿನ ಪತ್ರಿಕೆಗಳು ನಾಯಕನದು ದೊಡ್ಡ ಗುಣ ಎಂದು ಬರೆದವು. ವಿಮರ್ಶಕರು ಮತ್ತೊಂದು ಕಂತು ಬರೆದರು. ತಮ್ಮ ಕೆಂಡವಾದ. “ನೋಡಿದ್ಯಾ? ಇದನ್ನೂ ಅವನೇ ತಿಂದ!”

“ತಿನ್ಲಿ,” ಎಂದಳು ಅಕ್ಕ. “ಅರಗಬೇಕಲ್ಲ.”

ಅವಳ ಲೆಕ್ಕ ಸರಿಯಾಗಿತ್ತು. ಹೊಸದಾಗಿ ಬಂದ ಹೇಳಿಕೊಡುವವನು ಒಂದು ತುಂಡು ಕೊಟ್ಟರೆ ನಾಯಕ ಅದನ್ನು ಬಾಯಿಗೆ ಬಿಡದೆ ತಲೆಯಲ್ಲಿ ತಿರುಗಿಸಿ ನೋಡುತ್ತಿದ್ದ. ಇದರಲ್ಲೇನಿದೆ, ಇದರ ಹಿಂದೆ ಇನ್ನೇನು ಬರುತ್ತದೆ ಎಂಬ ಅನುಮಾನ. ನೋಡುವಷ್ಟರಲ್ಲಿ ಮುಖ ಬಾಡುತ್ತಿತ್ತು. ಮೌನಗಳು ಉದ್ದವಾದವು, ಅವುಗಳೊಳಗೆ ಹೆದರಿಕೆ ಕಾಣತೊಡಗಿತು. ಮುಂದಿನ ಸಿನಿಮಾ ಒಂದು ವಾರ ಓಡಿತು, ಅದರ ಮುಂದಿನದು ಮೂರು ದಿನ. ಆಮೇಲೆ ಅವನೇ ಬಂದ.

ಮಟಮಟ ಮಧ್ಯಾಹ್ನ, ಕಪ್ಪು ಕನ್ನಡಕ ಹಾಕಿಕೊಂಡು, ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕುಳಿತ. ಅಕ್ಕ ಒಳಗೆ ಕೊಡೆಯ ಕಡ್ಡಿ ಎಣಿಸುತ್ತಿದ್ದಳು.

“ಅಕ್ಕ, ಆಗಿದ್ದು ಆಗ್ಹೋಯ್ತು. ವಾಪಸ್ ಬನ್ನಿ.”

“ಬೇರೆಯವರು ಇದ್ದಾರಲ್ಲ ಸರ್.”

“ಅವರು ಹೇಳೋದು ನಂಗೆ ಅರ್ಥ ಆಗುತ್ತೆ ಅಕ್ಕ. ಅರ್ಥ ಆದ್ರೆ ಬಾಯಿಗೆ ಬರಲ್ಲ.”

“ಅರ್ಥ ಆಗೋದು ಒಳ್ಳೇದೇ. ತಡವಾಯ್ತು, ಅಷ್ಟೆ.”

“ನಾನು ನಿಮಗೇನು ಮಾಡಿದ್ದೆ?”

ಅಕ್ಕ ಗಲ್ಲದಿಂದ ತಮ್ಮನ ಕಡೆ ತೋರಿಸಿದಳು. “ಇವನು ನನ್ನ ತಮ್ಮ.”

ನಾಯಕ ಅವನನ್ನು ನೋಡಿದ, ಊರುಗೋಲು ನೋಡಿದ. ಬಹುಶಃ ಮುಖ ನೋಡಿದ್ದು ಅದೇ ಮೊದಲ ಸಲ, ಅವನಿಗೆ ಗೊತ್ತಿದ್ದದ್ದು ಕತ್ತು ಮಾತ್ರ. ಏನೋ ಹೇಳಲು ಬಾಯಿ ತೆರೆದು, ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿ ಕಾದ. ಅಕ್ಕ ಕಡ್ಡಿ ಎಣಿಸಿದಳು.

“ಚೀಲ ಗೀಲ ರಿಪೇರಿ ಇದ್ಯಾ ಸರ್?” ಎಂದ ತಮ್ಮ. “ಇಲ್ಲಾಂದ್ರೆ ಬಾಗಿಲಿಗೆ ಅಡ್ಡ ಆಗ್ತೀರಿ.”

ನಾಯಕ ಎದ್ದ. ಬಾಗಿಲಾಚೆ ಎರಡು ಮೆಟ್ಟಿಲಿದ್ದವು. ಅವನು ತಲೆ ತಗ್ಗಿಸಿ ಇಳಿಯುತ್ತಿದ್ದಾಗ ತಮ್ಮ ಹಿಂದಿನಿಂದ ಅವನನ್ನೇ ನೋಡುತ್ತಿದ್ದ. ಐವತ್ತು ದಾಟಿದ ಕತ್ತು, ಮೂರು ಮಡಿಕೆ ಬಿದ್ದಿತ್ತು.

“ಸರ್,” ಎಂದ ತಮ್ಮ. “ಕತ್ತು ಚೆನ್ನಾಗಿ ಬರಲಿಲ್ಲ. ಇನ್ನೊಂದು ಟೇಕ್ ಮಾಡಿ.”

ಹಳೆಯ ನಾಯಕನಾಗಿದ್ದರೆ ಟೇಕ್ ಎಂಬ ಸದ್ದಿಗೇ ಮೇಲೆ ಬಂದು ಮತ್ತೆ ಇಳಿಯುತ್ತಿದ್ದ. ಇವನು ಕೇಳಿಸಿಕೊಂಡ. ಮೆಟ್ಟಿಲ ಮೇಲೆ ನಿಂತು ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದ, ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡ. ಆಮೇಲೆ ಅಂಗಿಯ ಕಾಲರ್ ಎತ್ತಿಕೊಂಡು, ಚಹಾದಂಗಡಿಯವರೆಲ್ಲ ನೋಡುತ್ತಿದ್ದಂತೆ, ಕಾರಿನವರೆಗೆ ನಡೆದುಹೋದ.