ನಿಕಾಹ್‌ಗೆ ಮೊದಲು ತೊಳೆದ ಕೈ

ಅಳಿಯನಾಗುವವನಿಗೆ ಕೊಡೋಣ ಎಂದು ಗಲ್ಫ್‌ನಿಂದ ಒಂದು ಫೌಂಟನ್ ಪೆನ್ನು ತಂದೆ. ಖಾಲಿ ಪೆನ್ನು ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಕಂಠಪೂರ್ತಿ ನೀಲಿ ಶಾಯಿ ತುಂಬಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಆಕಾಶದಲ್ಲಿ ಅದು ಸೋರತೊಡಗಿತು. ಗಾಬರಿಯಲ್ಲಿ ಮುಚ್ಚಳ ತೆಗೆದೆ. ಒಳಗೆ ತುಂಬಿದ್ದ ಶಾಯಿಯೆಲ್ಲ ಬಲಗೈಗೆ ಬಂತು. ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ಬೆರಳು, ಅಂಗೈ ಎಲ್ಲ ನೀಲಿ.

ಮರುದಿನ ಬೆಳಿಗ್ಗೆಯೇ ಮಗಳ ನಿಕಾಹ್. ಜನ ತುಂಬಿದ ಹಾಲ್‌ನಲ್ಲಿ ಹುಡುಗನ ಬಲಗೈಯನ್ನು ನನ್ನ ಬಲಗೈಯಲ್ಲಿ ಹಿಡಿದು ಅವಳನ್ನು ಒಪ್ಪಿಸಿಕೊಡಬೇಕಾದವನು ನಾನು. ಅವಳು ಹುಟ್ಟುವಾಗ ನಾನು ಊರಲ್ಲಿರಲಿಲ್ಲ, ಶಾಲೆಗೆ ಸೇರಿಸುವಾಗಲೂ ಇರಲಿಲ್ಲ. ತಂದೆಯಾಗಿ ಎಲ್ಲರೆದುರು ಮಾಡಲು ಉಳಿದಿದ್ದುದು ಇದೊಂದೇ ಕೆಲಸ. ಅದಾದರೂ ನೆಟ್ಟಗೆ ಆಗಲಿ ಎಂದಿದ್ದೆ.

ಕಾಟಿಪಳ್ಳದ ಮನೆಯಲ್ಲಿ ಹೆಂಡತಿ ನನ್ನ ಕೈ ನೋಡಿ ತಲೆ ಚಚ್ಚಿಕೊಂಡಳು. "ಎಂತ ಮಾಡಿಕೊಂಡಿದ್ದೀರಿ ಇದು? ಖಾಲಿ ಪೆನ್ನು ತಂದರೆ ಆಗ್ತಿರಲಿಲ್ವಾ?"

ಸೋಪು ಆಯಿತು, ಲಿಂಬೆಹುಳಿ-ಉಪ್ಪು ಆಯಿತು, ಟೂತ್‌ಪೇಸ್ಟ್ ಆಯಿತು. ನೀಲಿ ತೆಳುವಾಯಿತೇ ಹೊರತು ಹೋಗಲಿಲ್ಲ. ಹೆಂಡತಿಯ ಅಣ್ಣ, ಎಲ್ಲದಕ್ಕೂ ಮದ್ದು ಬಲ್ಲ ಪುಣ್ಯಾತ್ಮ, "ಬ್ಲೀಚಿಂಗ್ ಪೌಡರ್ ಉಂಟಲ್ಲಾ ಮಾರಾಯ, ಸ್ಟೀಲ್ ಸ್ಕ್ರಬ್ಬರಿನಲ್ಲಿ ತಿಕ್ಕು. ಪಾತ್ರೆಯ ಮಸಿಯೇ ಹೋಗ್ತದೆ, ಇದು ಎಂತ!" ಎಂದ. ಅವನು ಹೇಳಿದ, ಮೂರ್ಖ ನಾನು ಕೇಳಿದೆ. ಚರ್ಮ ಕಿತ್ತು ಬಂತು. ಶಾಯಿ ಮಾತ್ರ ಉಗುರ ಸಂದಿಯಲ್ಲಿ ಹಾಗೇ ಕೂತಿತ್ತು.

ಬೆಳಿಗ್ಗೆ ಹಾಲ್‌ಗೆ ಹೊರಟಾಗ ನಂತೂರಿನಲ್ಲಿ ಲಾರಿಗಳ ಹಿಂದೆ ಕಾರು ನಿಂತೇಬಿಟ್ಟಿತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕಾರಿನಲ್ಲಿದ್ದ ಸ್ಯಾನಿಟೈಸರ್ ಸುರಿದುಕೊಂಡು ಮತ್ತೆ ತಿಕ್ಕಿದೆ. ಯಾ ಅಲ್ಲಾಹ್! ಮೆಣಸಿನ ಪುಡಿ ಮೆತ್ತಿದ ಹಾಗೆ ಉರಿಯಿತು.

"ಇನ್ನು ತಿಕ್ಕಿದರೆ ಕೈಯೇ ಉಳಿಯುವುದಿಲ್ಲ, ಬಿಡಿ," ಎಂದು ಹೆಂಡತಿ ಬಾಟಲಿ ಕಿತ್ತುಕೊಂಡಳು.

ವೇದಿಕೆಯಲ್ಲಿ ಹುಡುಗ ಬಹಳ ಗೌರವದಿಂದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದ. ಜೀವ ಬಾಯಿಗೆ ಬಂತು. ನಿಕಾಹ್ ನಡೆಸುವ ಖತೀಬರು ಹೇಳಿಕೊಟ್ಟ ಮಾತನ್ನು ಹೇಳುತ್ತಿದ್ದಂತೆ ಎರಡೂ ಕಣ್ಣಿಂದ ನೀರು ದಳದಳ ಸುರಿಯಿತು. ಇಷ್ಟೆಲ್ಲ ತೊಳೆದ ಕೈಯನ್ನು ಒಬ್ಬರೂ ನೋಡಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಹೆಂಗಸರ ಕಡೆಯ ಕೋಣೆಯಲ್ಲಿ ಮಗಳು ಅದನ್ನೆಲ್ಲ ಟಿವಿಯಲ್ಲಿ ನೋಡುತ್ತಿದ್ದಳಂತೆ. ನಾನು ಬಲಗೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ಒಳಗೆ ಹೋದೆ. ಅವಳು ಮೆಹಂದಿಯ ಕೈಗಳಲ್ಲಿ ನನ್ನ ಎಡಗೈ ಹಿಡಿದುಕೊಂಡಳು.

"ಉಪ್ಪಾ, ನೀವು ನನಗೋಸ್ಕರ ಅಳ್ತೀರಿ ಅಂತ ನನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ."

ಕೈ ಉರಿದು ಅತ್ತೆ ಎಂದು ಯಾವ ಬಾಯಲ್ಲಿ ಹೇಳಲಿ? ಇಪ್ಪತ್ತಮೂರು ವರ್ಷ ಅವಳಿಗೆ ಅದು ಗೊತ್ತಾಗದ ಹಾಗೆ ಬದುಕಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. "ಹೂಂ," ಎಂದೆ, ಅಷ್ಟೇ. ಆಗ ಮತ್ತೆ ಕಣ್ಣಲ್ಲಿ ನೀರು ಬಂತು. ಅವಳು ಹಿಡಿದಿದ್ದ ಎಡಗೈಗೆ ಏನೂ ಆಗಿರಲಿಲ್ಲ.