ಗಡಿ ದಾಟಿಸಿದ ಫೈಲು

ಮುಂಬಯಿ ಹತ್ತಿರದ ದಿವಾ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ದಾನಮ್ಮ ಈಗೀಗ ಉಸಿರು ಸಾಲದೆ ಮೂರು ಕಡೆ ನಿಲ್ಲುತ್ತಾಳೆ. ಅಂಬರನಾಥದ ಫ್ಯಾಕ್ಟರಿಯಲ್ಲಿ ಬಿಸ್ಕತ್ತು ಪ್ಯಾಕ್ ಮಾಡುವ ಈ ಕಲಬುರಗಿಯ ಹೆಂಗಸು ಒಂಬತ್ತು ವರ್ಷದ ಹಿಂದೆ ಎದೆಯ ಕ್ಯಾನ್ಸರಿಗೇ ಮಣ್ಣು ಮುಕ್ಕಿಸಿದವಳು. ಕೀಮೋದ ಕೆಂಪು ಔಷಧಿ ಏರಿಸಿಕೊಂಡು, ಎಡ ಎದೆಗೆ ರೇಡಿಯೇಷನ್ನಿನ ಕರೆಂಟು ಕೊಡಿಸಿಕೊಂಡು, ಬೋಳುತಲೆಗೆ ಸೆರಗು ಹೊದ್ದು ಮತ್ತೆ ಲೋಕಲ್ ರೈಲು ಹತ್ತಿದ್ದಳು. ಅಂಥವಳಿಗೆ ಮೆಟ್ಟಿಲು ಯಾವ ಲೆಕ್ಕ? ವಯಸ್ಸಾಯಿತು, ಪಿತ್ತವಾಯಿತು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಕಾಲು ಊದಿ ಚಪ್ಪಲಿ ಹಿಡಿಸದಾದಾಗ ಕಲ್ಯಾಣದ ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರ್ ಸ್ವರ್ಣಲತಾ ಮಂಗಳೂರಿನ ಕಡೆಯವರು. ಹೃದಯದ ಎಕೋ ಮಾಡಿಸಿ ನೋಡಿ, "ಕ್ಯಾನ್ಸರಿಗೆ ಕೊಟ್ಟ ಮದ್ದೇ ನಿಮ್ಮ ಹೃದಯವನ್ನು ಸೋಲಿಸಿದೆ ಮಾರಾಯ್ರೆ. ಕೆಲವರಿಗೆ ವರ್ಷಗಟ್ಟಲೆ ಆದ ಮೇಲೆ ಹೀಗಾಗ್ತದೆ. ಆಗಾಗ ಚೆಕ್ ಮಾಡಿಸ್ಲಿಕ್ಕೆ ಯಾರೂ ಹೇಳ್ಲಿಲ್ವಾ? ಹಳೇ ಫೈಲ್ ತನ್ನಿ, ಯಾವ ಮದ್ದು ಎಷ್ಟು ಹೋಗಿದೆ ನೋಡ್ಬೇಕು" ಎಂದರು.

ಫೈಲು ಎಲ್ಲಿಂದ ತರುವುದು! ರೋಗ ಬಿಟ್ಟುಹೋದ ಮನೆಯಲ್ಲಿ ಅದರ ಸಾಮಾನು ಇರಬಾರದೆಂದು ಅತ್ತೆ ಪಾರವ್ವ ಅದನ್ನು ಮೊರದಲ್ಲಿಟ್ಟು, ಬೇವು ಅರಿಶಿನ ಹಾಕಿ, ದಿವಾದ ಖಾಡಿಯಲ್ಲಿ, ಸಮುದ್ರದ ಹಿನ್ನೀರಿಗೆ ಬಿಡಿಸಿದ್ದಳು. ಊರಲ್ಲಾದರೆ ರೋಗದ ದೇವಿಯನ್ನು ಹೀಗೆಯೇ ಮೊರದಲ್ಲಿಟ್ಟು ಊರ ಗಡಿ ದಾಟಿಸುತ್ತಾರೆ. ಮನೆಗೆ ಮನೆ ಅಂಟಿದ ಈ ದಿವಾದಲ್ಲಿ ಗಡಿ ಎಲ್ಲಿದೆ? ಆವತ್ತು ದಾನಮ್ಮನೂ ಭಕ್ತಿಯಿಂದ ಕೈಮುಗಿದಿದ್ದಳು.

ಮನೆಗೆ ಬಂದು ಡಾಕ್ಟರ ಮಾತನ್ನು ಗಂಡನಿಗೆ ಹೇಳಿದಳು. ಗೌಂಡಿ ಕೆಲಸದ ಅಂಬಾರಾಯ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ಮಾತ್ರ ನಿಂತಿತು.

"ನಿಮಗ ಗೊತ್ತಿತ್ತೇನ್ರಿ?"

"ಆಗಿನ ಡಾಕ್ಟರು ಹೇಳಿದ್ರು, ವರ್ಷಕ್ಕೊಮ್ಮಿ ಹಾರ್ಟ್ ತಪಾಸ ಮಾಡ್ಸು ಅಂತ. ರೋಗದ ಹೆಸರು ತಗದ್ರ ಹೊಳ್ಳಿ ಬರ್ತದಂತ ಅವ್ವ ಆಣಿ ಹಾಕಿದ್ಳು. ನೀನೂ ಖುಷಿಲೆ ಇದ್ದಿ..."

"ಎದಿ ನಂದಿತ್ತಲ್ರಿ!"

ದಾನಮ್ಮನ ಮೈಯೆಲ್ಲ ಉರಿದುಹೋಯಿತು. ಔಷಧಿಯ ಮೋಸವನ್ನು ಆಕೆ ಸಹಿಸಿಯಾಳು, ಅದು ಜೀವ ಉಳಿಸಿತ್ತು. ಪಕ್ಕದಲ್ಲೇ ಮಲಗಿ, ಅವಳ ಏದುಸಿರು ಕೇಳಿಯೂ "ಗ್ಯಾಸ್ ಆಗ್ಯಾದ" ಎಂದು ಸೋಡಾ ತಂದುಕೊಟ್ಟವನಿಗೆ ಏನನ್ನಬೇಕು? ಅತ್ತೆ ಸತ್ತು ನಾಲ್ಕು ವರ್ಷವಾದರೂ ಇವನ ಬಾಯಿ ತೆರೆದಿರಲಿಲ್ಲ.

ಮುಂದಿನ ವಾರ ಅಂಬಾರಾಯ ಒಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಗೆ ಜೊತೆಗೆ ಬಂದ. ಡಾಕ್ಟರು ಗುಳಿಗೆ ಬರೆದು, ಹೃದಯ ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದೆಂದು, ಎಲ್ಲರಂತೆ ಗಂಡಸಿನ ಕಡೆ ತಿರುಗಿ ವಿವರಿಸತೊಡಗಿದರು. ದಾನಮ್ಮ ಸ್ಟೂಲು ಎಳೆದು ಇಬ್ಬರ ನಡುವೆ ಹಾಕಿಕೊಂಡು ಕೂತಳು.

"ನನಗ ಹೇಳ್ರಿ ಮೇಡಂ. ಅವರು ಹೊರಗ ಕೂಡ್ತಾರ."