ಅರ್ಧ ಕ್ಲಿಪ್ಪು

ನನ್ನ ತಮ್ಮನನ್ನು ಊರೆಲ್ಲ ಧರ್ಮಾತ್ಮ ಎನ್ನುತ್ತದೆ. ಅನ್ನಲಿ. ಅವನ ಮೂಗು ಒರೆಸಿ ಬೆಳೆಸಿದವಳು ನಾನು. ಅವನ ದಾನದ ಬೇರು ಎಲ್ಲಿದೆ ಎಂದು ನನಗೆ ಗೊತ್ತು.

ಮೊದಲು ಇದ್ದದ್ದು ಹಿತ್ತಲಲ್ಲೊಂದು ಶೆಡ್ಡು, ಅದರಲ್ಲೊಂದು ಹಳೆಯ ಪ್ರೆಸ್ಸು. ತಗಡು ಇಟ್ಟು ಒತ್ತಿದರೆ ಡಬ್ಬಿಯ ಮುಚ್ಚಳ ಬೀಳುತ್ತಿತ್ತು. ಯಂತ್ರಕ್ಕೆ ಬಲಕ್ಕೊಂದು, ಎಡಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತಿತ್ತು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನಡಿ ಸಿಗುವುದಿಲ್ಲವಲ್ಲ, ಅದಕ್ಕೆ. ತಮ್ಮ ಅಂಗಡಿ ಅಂಗಡಿ ಅಲೆದು ಆರ್ಡರ್ ತರುತ್ತಿದ್ದ, ನಾನು ಒತ್ತುತ್ತಿದ್ದೆ. ಎಷ್ಟು ಒತ್ತಿದರೂ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಒಂದು ದಿನ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಮುರಿದು, ಅದರ ಅರ್ಧವನ್ನು ಎಡಗುಂಡಿಗೆ ತುರುಕಿದೆ. ಗುಂಡಿ ಒತ್ತಿಕೊಂಡೇ ನಿಂತಿತು. ಎಡಗೈ ಬಿಡುವಾಯಿತು. ಅದರಲ್ಲಿ ತಗಡು ತಳ್ಳುವುದು, ಬಲಗೈಯಲ್ಲಿ ಒತ್ತುವುದು. ಸಂಜೆಗೆ ರಾಶಿ ಎರಡರಷ್ಟು.

“ಅಕ್ಕಾ, ಏನ್ ತಲೆ ನಿಂದು!” ಎಂದು ತಮ್ಮ ಕುಣಿದಾಡಿದ. ನಾನೂ ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಏಳು ತಿಂಗಳಿಗೆ ನನ್ನ ಎಡಗೈಯ ಮೂರು ಬೆರಳು ಮುಚ್ಚಳಗಳ ಜೊತೆ ಬುಟ್ಟಿಗೆ ಬಿದ್ದವು. ತಮ್ಮ ನನ್ನ ಕಾಲ ಬಳಿ ಕೂತು ಗೋಳೋ ಎಂದು ಅತ್ತ. “ದುಡ್ಡಾದ್ಮೇಲೆ ಬೆರಳು ಹೋದೋರಿಗೆಲ್ಲ ಬೆರಳು ಮಾಡಿಸ್ಕೊಡ್ತೀನಿ ಅಕ್ಕಾ, ನೋಡ್ತಿರು.” ಅಳುವೂ ನಿಜ, ಮಾತೂ ನಿಜ. ಆ ಕ್ಲಿಪ್ಪು ಕೀಳಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಮುಂದಿನ ವಾರ ನನ್ನ ಜಾಗಕ್ಕೆ ಪಕ್ಕದ ಮನೆಯವಳು ಬಂದಳು.

ಶೆಡ್ಡು ಕಾರ್ಖಾನೆಯಾಯಿತು, ಕಾರ್ಖಾನೆ ನಾಲ್ಕಾಯಿತು. ತಮ್ಮ ಶಾಲೆ ಕಟ್ಟಿಸಿದ. ಕೊನೆಗೆ, ಆಡಿದ ಮಾತಿನಂತೆ, ಕೃತಕ ಬೆರಳು ಜೋಡಿಸುವ ಧರ್ಮಾಸ್ಪತ್ರೆ. ಅದರ ಉದ್ಘಾಟನೆಯ ದಿನ, ಎಷ್ಟೋ ವರ್ಷದಿಂದ ಮನೆಯಲ್ಲೇ ಕೂತಿದ್ದ ನನ್ನನ್ನು ಮೊದಲು ಕಾರ್ಖಾನೆ ನೋಡಲು ಕರೆದೊಯ್ದ. ಪ್ರತಿ ಪ್ರೆಸ್ಸಿನ ಎಡಗುಂಡಿಯಲ್ಲೂ ಹಳದಿ ಪ್ಲಾಸ್ಟಿಕ್ ತುಂಡು, ಅದೇ ಅರ್ಧ ಕ್ಲಿಪ್ಪಿನ ಆಕಾರ. ಅವನೇ ಸಾವಿರಗಟ್ಟಲೆ ಮಾಡಿಸಿದ್ದನಂತೆ. ಮೇಸ್ತ್ರಿ ಹೊಸಬಳೊಬ್ಬಳನ್ನು ಗದರುತ್ತಿದ್ದ: “ಏಯ್, ಅಕ್ಕನ್ನ ಹಾಕಿದ್ಯಾ?”

ಆ ತುಂಡಿಗೆ ಅಲ್ಲಿ ಅಕ್ಕ ಎಂದೇ ಹೆಸರು.

ಆಸ್ಪತ್ರೆಯಲ್ಲಿ ಬೆರಳು ಪಡೆಯಲು ಮೂವತ್ತು ಜನ ಸಾಲಾಗಿ ನಿಂತಿದ್ದರು, ಬಹುಪಾಲು ಹೆಂಗಸರು. ಎಲ್ಲರದೂ ಎಡಗೈ. ಎಲ್ಲರಿಗೂ ಅದೇ ಮೂರು ಬೆರಳಿಲ್ಲ. ನಾನು ತಮ್ಮನ ತೋಳು ಹಿಡಿದು ಪಕ್ಕಕ್ಕೆಳೆದೆ.

“ಅದನ್ನ ಇವತ್ತೇ ಕೀಳ್ಸೋ. ಹಾಕಿದೋಳು ನಾನು, ನಾನೇ ಹೇಳ್ತಿದೀನಿ.”

“ಕೀಳ್ಸಿದ್ರೆ ಕೆಲಸ ಅರ್ಧಕ್ಕಿಳಿಯುತ್ತೆ ಅಕ್ಕಾ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾದದ್ದು. “ಆಮೇಲೆ ಇವರಿಗೆಲ್ಲ ಬೆರಳು ಎಲ್ಲಿಂದ ತರ್ಲಿ?”

ಮರುದಿನ ಬೆಳಿಗ್ಗೆ ಒಬ್ಬಳೇ ಕಾರ್ಖಾನೆಗೆ ಹೋದೆ. ಮೊದಲ ಪ್ರೆಸ್ಸಿನ ಹಳದಿ ತುಂಡನ್ನು ಕಿತ್ತು ನೆಲಕ್ಕೆಸೆದೆ. ಅಲ್ಲಿ ಕೂತಿದ್ದವಳು ಹಿಂದಿನ ದಿನ ಸಾಲಿನಲ್ಲಿ ಮೊದಲು ನಿಂತಿದ್ದವಳು. ಬಗ್ಗಿ ಅದನ್ನೆತ್ತಿಕೊಂಡಳು. ಎಡಗೈಯಲ್ಲಿ ಸ್ವಂತದ್ದೆಂದು ಉಳಿದ ಎರಡು ಬೆರಳಿಂದ ಗುಂಡಿಗೆ ತುರುಕಿ, ಹೊಸ ರಬ್ಬರ್ ಬೆರಳುಗಳನ್ನು ತಗಡಿನ ಮೇಲಿಟ್ಟಳು.

“ಅಕ್ಕ ಇಲ್ದಿದ್ರೆ ನಾವು ಹೊಟ್ಟೆಗೇನು ಮಾಡೋದು? ಪಕ್ಕಕ್ಕೆ ನಿಂತ್ಕೊಳ್ಳಿ ಅಜ್ಜಿ, ಕೈ ಸಿಕ್ಕಿಹಾಕ್ಕೊಳ್ಳುತ್ತೆ.”